ಹಡಗಿಗೂ ಟೈಮ್ ಕೊಟ್ಟ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಸೂಲಗಿತ್ತಿ ಹೇಳಿದ್ದಕ್ಕಿಂತ ಹದಿನೈದು ದಿನ ಮುಂಚೆ ಹುಟ್ಟಿದವರು. ಅಲ್ಲಿಂದ ಶುರುವಾದ ಅವಸರ ಇವತ್ತಿಗೂ ನಿಂತಿಲ್ಲ. ಮದುವೆಯ ದಿನ ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ತಾಳಿ ಕೈಗೆ ಕೊಡಿ ಎಂದು ಅಯ್ಯನವರ ಬೆನ್ನು ಹತ್ತಿದ್ದರಂತೆ. ಮದುಮಗಳೇ ಇನ್ನೂ ಮಂಟಪಕ್ಕೆ ಬಂದಿಲ್ಲವಲ್ಲ ಎಂದು ಅಯ್ಯನವರು ಕೇಳಿದರೆ, "ಆಕಿ ಬಂದ ಮ್ಯಾಲೆ ಗಡಿಬಿಡಿ ಬ್ಯಾಡ ಅಂತ" ಎಂದರಂತೆ! ಇಂಥವರನ್ನು ಕರೆದುಕೊಂಡು ಹೋಗಿ ಹಡಗು ಹತ್ತಿಸುವ ಬುದ್ಧಿ ಯಾರಿಗಾದರೂ ಬರುತ್ತದೆಯೇ? ನನಗೆ ಬಂತು.

ತಪ್ಪು ಅವರದಲ್ಲ, ಅವರ ನೌಕರಿಯದು ಎನ್ನುವವರೂ ನಮ್ಮ ಮನೆತನದಲ್ಲಿದ್ದಾರೆ. ದೊಡ್ಡಪ್ಪ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೊರಡಬೇಕು ಎಂದು ಬರೆದುಕೊಂಡು, ಸೀಟಿ ಊದಿ ಹೊರಡಿಸುವುದೇ ಕೆಲಸ. ಒಮ್ಮೆ ದೇಶನೂರಿನಿಂದ ಬಂದ ಅವರ ಮಾವ ಬಳ್ಳಾರಿ ಬಸ್ಸಿನಲ್ಲಿ ಚೀಲ ಇಟ್ಟು, ಎಲೆ ಅಡಿಕೆ ತರಲು ಕೆಳಗಿಳಿದರಂತೆ. ಸ್ವಂತ ಅಳಿಯನೇ ಕಂಟ್ರೋಲರ್, ಒಂದು ನಿಮಿಷ ನಿಲ್ಲಿಸಲಾರನೇ ಎಂಬ ಧೈರ್ಯ. ಅವರು ಎಲೆಗೆ ಸುಣ್ಣ ಹಚ್ಚುತ್ತಿರುವಾಗ ಅಳಿಯ ಸೀಟಿ ಊದಿದ, ಬಸ್ಸು ಹೋಯಿತು. ಮಾವ ಬಾಯಿ ಮಾಡಿದ್ದಕ್ಕೆ ದೊಡ್ಡಪ್ಪ ಸಮಾಧಾನ ಹೇಳಿದರಂತೆ: "ಚೀಲ ಟೈಮಿಗೆ ಸರಿಯಾಗಿ ಹೋತು ಬಿಡ್ರಿ ಮಾವಾ. ನೀವು ಮುಂದಿನ ಬಸ್ಸಿಗೆ ಹೋಗ್ರಿ." ಆ ಮಾವ ಆಮೇಲೆ ಬಳ್ಳಾರಿಗೆ ಹೋಗುವುದಿದ್ದರೆ ಯಾರದಾದರೂ ಮೋಟಾರ್ ಸೈಕಲ್ ಹಿಂದೆ ಕೂತು ಹೋಗುತ್ತಿದ್ದರು.

ಈಗ ನಿವೃತ್ತರಾಗಿ ಕುರುಗೋಡಿನಲ್ಲಿದ್ದಾರೆ. ಬಸ್ಸುಗಳು ಬಿಡುಗಡೆಯಾದವು, ದೊಡ್ಡಮ್ಮ ಸಿಕ್ಕಿಕೊಂಡರು. ದೊಡ್ಡಮ್ಮ ತಾಟಿಗೆ ಎರಡನೇ ರೊಟ್ಟಿ ಹಾಕಿಕೊಳ್ಳುವಷ್ಟರಲ್ಲಿ ಇವರು ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು "ಆತೇನು? ಏಳು" ಎನ್ನುತ್ತಾರೆ. ಎಲ್ಲಿಗೆ ಹೋಗುವುದಿದೆ ಎಂದು ಕೇಳಿ ನೋಡಿ. ಎಲ್ಲಿಗೂ ಇಲ್ಲ! ದೊಡ್ಡಮ್ಮನ ಮೊಣಕಾಲು ಮೂರು ವರ್ಷದಿಂದ ಹಟ ಹಿಡಿದಿದೆ, ಕೂತರೆ ಏಳಲು ಒಂದಿಷ್ಟು ಹೊತ್ತು ಬೇಕು. ಆ ಒಂದಿಷ್ಟು ಹೊತ್ತನ್ನೂ ದೊಡ್ಡಪ್ಪ ಗಡಿಯಾರದಲ್ಲಿ ನೋಡುತ್ತಾರೆ.

ಅವರ ಮದುವೆಯಾಗಿ ನಲವತ್ತು ವರ್ಷ ತುಂಬಿತು. ಬಳ್ಳಾರಿಯಲ್ಲಿ ಹೈಸ್ಕೂಲು ಟೀಚರಾಗಿರುವ ನಾನು, ಮಕ್ಕಳಿಲ್ಲದ ಈ ಜೋಡಿಗೆ ಏನಾದರೂ ಮಾಡಬೇಕೆಂದು ದೊಡ್ಡಮ್ಮನನ್ನೇ ಕೇಳಿದೆ. ಅವರು ಟಿವಿಯಲ್ಲಿ ಎಂದೋ ಒಂದು ಪ್ರವಾಸದ ಹಡಗು ನೋಡಿದ್ದರಂತೆ.

"ಹಡಗಿನಾಗ ಏನೇನು ಐತೋ ನನಗ ಬ್ಯಾಡವ್ವ" ಎಂದರು. "ಅದು ಸಂಜಿಮುಂದ ಎಲ್ಲೋ ನಿಲ್ಲತೈತಂತಲ್ಲ, ಅಲ್ಲಿ ಇಳಿಬೇಕು. ಸಮುದ್ರದ ದಂಡಿಗೆ ಕುಂತು ಬಿಸಿಬಿಸಿದು ಏನರ ತಿನ್ನಬೇಕು. ನನಗ ಸಾಕಾಗೋತನ ಯಾರೂ ಏಳು ಅನ್ನಬಾರ್ದು."

ಅನ್ನುವುದಿಲ್ಲ, ಅನ್ನಲು ಬಿಡುವುದೂ ಇಲ್ಲ ಎಂದು ನಾನು ಮಾತು ಕೊಟ್ಟೆ. ನನ್ನ ಯಜಮಾನರು ಇದನ್ನು ಕೇಳಿದವರೇ ತಮಗೆ ರಜೆ ಸಿಗುವುದಿಲ್ಲವೆಂದು ಅವತ್ತೇ ಹೇಳಿಬಿಟ್ಟರು. ಅವರು ಜಾಣರು.

ಟಿಕೆಟ್ ಮಾಡಿಸಿದ್ದು ಬಳ್ಳಾರಿಯ ಒಂದು ಟ್ರಾವೆಲ್ಸ್ ಅಂಗಡಿಯಲ್ಲಿ. ಮುಂಬಯಿಯಲ್ಲಿ ಹತ್ತಬೇಕು, ಕೊಚ್ಚಿಗೆ ಹೋಗಿ ಬರಬೇಕು. ಕೊಚ್ಚಿಯಲ್ಲಿ ಒಂದು ಸಂಜೆ ನಾಲ್ಕೈದು ತಾಸು ಹಡಗು ನಿಲ್ಲುತ್ತದೆ, ಸರಿಯಾದ ಸಮಯ ಹಡಗಿನಲ್ಲೇ ತಿಳಿಸುತ್ತಾರೆ ಎಂದು ಅಂಗಡಿಯವನು ಹೇಳಿದ. "ನಾಲ್ಕೋ, ಐದೋ?" ಎಂದರು ದೊಡ್ಡಪ್ಪ. ಅವನಿಗೆ ಗೊತ್ತಿರಲಿಲ್ಲ. ನಾಲ್ಕಕ್ಕೂ ಐದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಹಡಗು ಹೆಂಗ ನಡಸ್ತಾರ ಎಂದು ದೊಡ್ಡಪ್ಪ ವಾರವಿಡೀ ಕುದಿದರು. ನಾನು ಮಾತ್ರ ಖುಷಿಯಲ್ಲಿದ್ದೆ. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಕೊಚ್ಚಿಯಲ್ಲಿ ಎಲ್ಲಿ ತಿನ್ನಬೇಕು, ಎಲ್ಲೆಲ್ಲಿ ಅಡ್ಡಾಡಬೇಕು ಎಂದು ಹದಿನಾಲ್ಕು ಜಾಗಗಳ ಪಟ್ಟಿ ಮಾಡಿದೆ. ಎಲೆ ಊಟದ ಹೋಟೆಲು, ಮಸಾಲೆ ಸಾಮಾನಿನ ಓಣಿ, ಗೋಡೆಗೆ ಚಿತ್ರ ಬರೆದ ಬೀದಿ, ಐಸ್‌ಕ್ರೀಮಿನ ಅಂಗಡಿ, ಹಳೆಯ ಚರ್ಚು, ಇನ್ನೂ ಏನೇನೋ.

ದೊಡ್ಡಪ್ಪ ಆ ಪಟ್ಟಿಯನ್ನು ನೋಡಿ, ಮಡಿಚಿ, ತಾಲೀಮು ಮಾಡಬೇಕು ಎಂದರು. ತಾಲೀಮು ಅಂದರೆ ಏನು? ಒಂದು ಭಾನುವಾರ ಬಳ್ಳಾರಿಯನ್ನೇ ಕೊಚ್ಚಿ ಎಂದು ತಿಳಿದುಕೊಳ್ಳಬೇಕು. ಬಸ್ ಸ್ಟ್ಯಾಂಡೇ ಹಡಗು ನಿಲ್ಲುವ ಬಂದರು. ಕುರುಗೋಡಿನ ಬಸ್ಸೇ ಹಡಗು. ನಾಲ್ಕು ತಾಸಿನಲ್ಲಿ ತಿಂದು, ಅಡ್ಡಾಡಿ, ವಾಪಸು ಬಂದು ಹಡಗು ಹತ್ತಬೇಕು. ನನ್ನ ವಿದ್ಯಾರ್ಥಿಗಳು ಯಾರಾದರೂ ನೋಡಿದರೆ ಏನು ಹೇಳಲಿ ಎಂಬ ಚಿಂತೆಯಲ್ಲೇ ನಾನು ಆ ಹಡಗಿನಿಂದ ಅವರನ್ನು ಇಳಿಸಿಕೊಂಡೆ.

ಹೋಟೆಲಿನಲ್ಲಿ ಒಗ್ಗರಣಿ, ಮಿರ್ಚಿ ತರಿಸಿದೆವು. ಮಂಡಕ್ಕಿ ಒಗ್ಗರಣೆಯ ತಟ್ಟೆ ದೊಡ್ಡಮ್ಮನ ಮುಂದೆ ಬಂದು ಕೂತಿತೋ ಇಲ್ಲವೋ, ದೊಡ್ಡಪ್ಪ ಎದ್ದು ನಿಂತಿದ್ದರು. ಅರ್ಧ ತಟ್ಟೆ ಅಲ್ಲೇ ಉಳಿಯಿತು. ಅಲ್ಲಿಂದ ಕೋಟೆ ಗುಡ್ಡದ ಬುಡಕ್ಕೆ ಅಡ್ಡಾಟ. ದಾರಿಯಲ್ಲಿ ದೊಡ್ಡಮ್ಮ ಬಳೆ ಅಂಗಡಿಯ ಮುಂದೆ ನಿಂತರೆ, ಈ ಅಂಗಡಿ ಕೊಚ್ಚಿಯಲ್ಲಿ ಇರುವುದಿಲ್ಲ, ನಡಿ ಎಂದರು. ಬಸ್ಸು ಬಿಡಲು ಇನ್ನೂ ಐವತ್ತು ನಿಮಿಷ ಇರುವಾಗ ನಾವು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆವು! ಇಷ್ಟು ಮುಂಚೆ ಬಂದು ಸಾಧಿಸಿದ್ದೇನು ಎಂದು ನಾನು ರೇಗಿದೆ.

"ಹಡಗು ಮುಂಚೇನ ಬಿಟ್ರ?"

ಹಡಗು ಹಾಗೆಲ್ಲ ಮುಂಚೆ ಬಿಡುವುದಿಲ್ಲ ಎಂದೆ.

"ನೀನು ಹಡಗಿನ ಕಂಟ್ರೋಲರ್‌ನ್ನ ನೋಡಿಯೇನು?"

ಪಕ್ಕದಲ್ಲಿ ದೊಡ್ಡಮ್ಮ ಮೊಣಕಾಲು ಒತ್ತಿಕೊಳ್ಳುತ್ತಾ, "ಆ ಊರಾಗೂ ಹಿಂಗ ಆದ್ರ ನಾ ಹಡಗಿನಾಗ ಕುಂತಿರ್ತೀನವ್ವ, ನೀವಿಬ್ರು ಹೋಗಿ ಬರ್ರಿ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಒಂದೇ ಒಂದು ಸಂಜೆ ಕೇಳಿದ್ದಾರೆ, ಅದನ್ನೂ ಈ ಮನುಷ್ಯ ಕೆಡಿಸುತ್ತಾರೆ ಎಂದುಕೊಂಡೆ.

ಹಡಗು ಹತ್ತಿದ ಮೇಲಿನ ಕಥೆ ಇನ್ನೊಂದು. ಅಲ್ಲಿ ಊಟದ ಹಾಲ್ ನಮ್ಮ ಬಳ್ಳಾರಿಯ ಕಲ್ಯಾಣ ಮಂಟಪಗಳಿಗಿಂತ ದೊಡ್ಡದು, ಸಾವಿರ ಜನ ಕೂರಬಹುದು. ಆದರೂ ದೊಡ್ಡಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ, ಕಿಟಕಿ ಪಕ್ಕದ ಮೂರು ಕುರ್ಚಿಗಳ ಮೇಲೆ ತಮ್ಮ ಕೆಂಪಂಚಿನ ಟವೆಲ್ ಹಾಸಿ ಬಂದರು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದರೆ ಸೀಟು ನಮ್ಮದಾದ ಹಾಗೆ. ಅದಕ್ಕೆ ಯಾರೂ ತಕರಾರು ತೆಗೆಯುವಂತಿಲ್ಲ. ನಾವು ಎಂಟಕ್ಕೆ ಹೋಗಿ ನೋಡಿದರೆ ಕುರ್ಚಿಯಲ್ಲಿ ಟವೆಲ್ಲೂ ಇಲ್ಲ, ಸೀಟೂ ಇಲ್ಲ, ಯಾರೋ ಗುಜರಾತಿ ಸಂಸಾರ ಕೂತು ಪೂರಿ ತಿನ್ನುತ್ತಿದೆ. ದೊಡ್ಡಪ್ಪ ಅವರಿಗೆ ತೆಲುಗಿನಲ್ಲಿ ನ್ಯಾಯ ಹೇಳಿದರು. ಸಂಜೆ ಕೋಣೆಗೆ ಬಂದರೆ, ಹಡಗಿನ ಹುಡುಗರು ಆ ಟವೆಲ್ಲನ್ನು ಒಗೆದು, ಇಸ್ತ್ರಿ ಮಾಡಿ, ಬಾತುಕೋಳಿಯ ಹಾಗೆ ಮಡಿಚಿ ಹಾಸಿಗೆಯ ಮೇಲೆ ಇಟ್ಟಿದ್ದರು. ದೊಡ್ಡಪ್ಪ ಅದನ್ನು ಸುತ್ತ ತಿರುಗಿ ನೋಡಿದರು. ಬಿಚ್ಚಲು ಮನಸ್ಸು ಬರಲಿಲ್ಲ. ಉಳಿದ ಮೂರು ದಿನ ಧೋತರದ ಚುಂಗಿನಲ್ಲೇ ಮುಖ ಒರೆಸಿಕೊಂಡರು.

ಕೊಚ್ಚಿ ತಲುಪುವ ಹಿಂದಿನ ದಿನ ಎಲ್ಲರ ಕೋಣೆಯ ಬಾಗಿಲಿಗೂ ಒಂದು ಹಾಳೆ ಸಿಕ್ಕಿಸಿದ್ದರು, ನಾಳೆ ಎಷ್ಟೊತ್ತಿಗೆ ಇಳಿಯಬೇಕು, ಎಷ್ಟೊತ್ತಿಗೆ ಹತ್ತಬೇಕು ಎಂದು. ನಾನು ಎದ್ದು ನೋಡುವಷ್ಟರಲ್ಲಿ ದೊಡ್ಡಪ್ಪ ನನ್ನ ಕೋಣೆಯ ಹಾಳೆಯನ್ನೂ ಎತ್ತಿಕೊಂಡು ಹೋಗಿದ್ದರು. ಹೆಣ್ಣುಮಕ್ಕಳ ಕೈಯಲ್ಲಿ ಕಾಗದ ಕಳೆಯುತ್ತದೆಯಂತೆ! ಸ್ಪೀಕರಿನಲ್ಲಿ ಸಮಯ ಹೇಳುವಾಗಲೂ ಇವರದೇ ಉಪನ್ಯಾಸ ನಡೆದಿತ್ತು. "ಮೂರೂವರಿಗೆ ನಿಲ್ಲತೈತಿ. ಏಳೂವರಿಗೆ ಬಾಗಲಾ ಹಾಕ್ತಾರ. ನಾವು ಆರೂವರಿಗೆ ಹೊಳ್ಳಬೇಕು." ಮುಗಿಯಿತು, ಕಂಟ್ರೋಲರ್ ಬಾಯಿಂದ ಬಂದ ಮೇಲೆ ಅಪೀಲಿಲ್ಲ.

ಎರಡೂವರೆಗೇ ನಮ್ಮನ್ನು ಇಳಿಯುವ ಬಾಗಿಲಿಗೆ ತಂದು ನಿಲ್ಲಿಸಿದರು. ನಾಲ್ಕಕ್ಕೆ ಟ್ಯಾಕ್ಸಿ ಹತ್ತಿದೆವು. ಮದ್ರಾಸ್ ಪ್ರಾಂತ್ಯದಾಗ ಒಂದು ಕಾಲಕ್ಕ ಬಳ್ಳಾರಿಯೋರು, ಇವರು ಎಲ್ಲಾರೂ ಕೂಡೇ ಇದ್ವಿ, ತೆಲುಗು ತಿಳದೇ ತಿಳಿತೈತಿ ಎಂದು ದೊಡ್ಡಪ್ಪ, ಸಮುದ್ರ ದಂಡೆಗೆ ಎಷ್ಟು ಹೊತ್ತಾಗುತ್ತದೆಂದು ಡ್ರೈವರನ್ನು ತೆಲುಗಿನಲ್ಲೇ ಕೇಳಿದರು. ಅವನು ಪಾಪ, ಹಿಂದಿಯಲ್ಲಿ ಅರ್ಧ ಗಂಟೆ ಎಂದ. ದೊಡ್ಡಪ್ಪ ನನ್ನ ಕಡೆ ತಿರುಗಿ, "ನೋಡು, ತಿಳೀತು" ಎಂದರು.

ಆಮೇಲೆ ನನ್ನ ಪಟ್ಟಿಯ ಸಂಹಾರ ಶುರುವಾಯಿತು. ಎಲೆ ಊಟ ಬೇಡ, ಬಡಿಸುವವರು ತಡ ಮಾಡುತ್ತಾರೆ. ಮಸಾಲೆ ಓಣಿ ಬೇಡ, ನಮ್ಮ ಮನೆಯಲ್ಲಿ ಮೆಣಸು ಇದೆ. ಗೋಡೆಯ ಚಿತ್ರ ಟ್ಯಾಕ್ಸಿಯಿಂದಲೇ ಕಾಣುತ್ತದೆ. ಚರ್ಚಿಗೆ ಹೊರಗಿನಿಂದಲೇ ಕೈಮುಗಿಸಿದರು. ಆ ಊರಿನ ಹೆಸರಾಂತ ಮೀನು ಹಿಡಿಯುವ ದೊಡ್ಡ ಬಲೆಗಳ ಮುಂದೆ ನಾವು ನಿಂತದ್ದು ಏಳೇ ನಿಮಿಷ, ಅದರಲ್ಲಿ ಮೂರು ನಿಮಿಷ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆವು. ಐಸ್‌ಕ್ರೀಮಿನ ಮಾತು ನಾನೇ ಎತ್ತಲಿಲ್ಲ. ಐದೂಕಾಲಿಗೆಲ್ಲ ಹದಿನಾಲ್ಕೂ ಜಾಗ ಮುಗಿದಿದ್ದವು! ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರೇ ಬಂದಿತ್ತು.

ದಂಡೆಯ ಮೇಲೆ ಒಂದು ತಳ್ಳುಗಾಡಿಯಲ್ಲಿ ಒಬ್ಬ ಬಜ್ಜಿ ಕರಿಯುತ್ತಿದ್ದ. ಬಳ್ಳಾರಿಯವರಿಗೆ ಬಜ್ಜಿ ಕಂಡರೆ ಕೇಳಬೇಕೇ? ದೊಡ್ಡಪ್ಪ ಮೂರು ತರಿಸಿ, ಮೆಣಸಿನಕಾಯಿ ಎಂದು ಒಂದನ್ನು ಕಚ್ಚಿದರು. ಒಳಗೆ ಬಾಳೆಹಣ್ಣು! ಹಣ್ಣಿಗೆ ಹಿಟ್ಟು ಹಚ್ಚಿ ಎಣ್ಣೆಯಲ್ಲಿ ಬಿಡುವ ಜನರ ಊರಿಗೆ ಕರೆದುಕೊಂಡು ಬಂದೆಯಲ್ಲ ಎನ್ನುವಂತೆ ನನ್ನನ್ನು ನೋಡಿದರು. ಆದರೆ ದೊಡ್ಡಮ್ಮನಿಗೆ ಅದು ಹಿಡಿಸಿಬಿಟ್ಟಿತು. ಸಮುದ್ರಕ್ಕೆ ಮುಖ ಮಾಡಿದ ಕಲ್ಲು ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಬಿಸಿ ಬಜ್ಜಿಯನ್ನು ಮುರಿದು ಮುರಿದು ಊದಿಕೊಂಡು ತಿನ್ನತೊಡಗಿದರು. ಒಂದು ಮುಗಿಸಿ ಇನ್ನೊಂದು ಕೇಳಿದರು. ನಾನು ಅವರ ಪಕ್ಕ ಕಾವಲು ಕೂತೆ. ದೊಡ್ಡಪ್ಪ ಹಿಂದೆ ಹತ್ತು ಮಾರು ದೂರದಲ್ಲಿ, ಕೈಗಡಿಯಾರ ನೋಡುತ್ತಾ ನಿಂತಿದ್ದರು. ಈಗ ಬಾಯಿ ತೆಗೆಯಲಿ, ಹಡಗು ಹೋದರೂ ಸರಿ, ಇವತ್ತು ಜಗಳವೇ ಎಂದುಕೊಂಡೆ.

ಆರೂವರೆಯಾಯಿತು. ಹೊತ್ತು ಮುಳುಗುತ್ತಿತ್ತು. ದೊಡ್ಡಪ್ಪ ಸುಮ್ಮನೆ ನಿಂತಿದ್ದರು. ಆರೂ ಮುಕ್ಕಾಲಾಯಿತು. ಈಗ ನಾನೇ ಗಳಿಗೆಗೊಮ್ಮೆ ಮೊಬೈಲಿನಲ್ಲಿ ಟೈಮ್ ನೋಡತೊಡಗಿದೆ! ಅರ್ಧ ಗಂಟೆಯ ದಾರಿ, ಏಳೂವರೆಗೆ ಬಾಗಿಲು, ದಾರಿಯಲ್ಲಿ ಗಾಡಿಗಳ ಸಾಲು. ಏಳಕ್ಕೆ ಇನ್ನು ಐದು ನಿಮಿಷ ಇರುವಾಗ ತಡೆಯಲಾಗದೆ ಎದ್ದೆ. "ದೊಡ್ಡಮ್ಮ, ಏಳ್ರಿ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ದೊಡ್ಡಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಜೇಬಿನಿಂದ ಹಡಗಿನ ಹಾಳೆ ತೆಗೆದು ಕೈಗಿಟ್ಟರು. ಬೀದಿ ದೀಪದ ಬೆಳಕಿನಲ್ಲಿ ಓದಿದೆ. ಹಡಗಿನ ಬಾಗಿಲು ಹಾಕುವುದು ಎಂಟೂವರೆಗೆ.

ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ನಿನ್ನ ಪಟ್ಟಿ ನೋಡಿದ್ದೆ. ಹದಿನಾಕು ಜಾಗ. ಎಂಟೂವರಿ ತನ ಟೈಮ್ ಐತಿ ಅಂದಿದ್ರ ನೀನು ಆಕಿನ್ನ ಅಷ್ಟೂ ಕಡಿ ಅಡ್ಡಾಡಸ್ತಿದ್ದಿ. ಬ್ಯಾಡ ಅನ್ನೋ ಹೆಣ್ಣಲ್ಲ ಆಕಿ, ಕಾಲು ಎಳಕೋತ ಬರ್ತಿದ್ಲು. ಇಲ್ಲಿ ಕುಂದ್ರಾಕ ಟೈಮ್ ಎಲ್ಲಿ ಉಳೀತಿತ್ತು?" ಹಾಳೆಯನ್ನು ವಾಪಸು ತೆಗೆದುಕೊಂಡು ಮಡಿಚಿದರು. "ಸರ್ವೀಸಿನಾಗ ಒಂದಿನ ತಪ್ಪು ಟೈಮ್ ಹೇಳಿದೋನಲ್ಲ ನಾನು. ಆಕಿಗೆ ಹೇಳಬ್ಯಾಡ."

ವಾರಗಟ್ಟಲೆ ಇವರನ್ನು ಬೈದುಕೊಂಡಿದ್ದೆನಲ್ಲ. ದೊಡ್ಡಮ್ಮನ ಕಾಲಿನ ಬಗ್ಗೆ ನನಗಿಂತ ಹೆಚ್ಚು ಯೋಚಿಸಿದವರು ಇವರು. ನಾನು ಪಟ್ಟಿ ಮಾಡುವಾಗ ಒಮ್ಮೆಯಾದರೂ ಯೋಚಿಸಿದ್ದೆನೇ? ಇಲ್ಲ. ನಾಚಿಕೆಯಾಯಿತು.

ಕತ್ತಲಾದದ್ದು ನೋಡಿ ದೊಡ್ಡಮ್ಮ ಕೈಯೊರೆಸಿಕೊಂಡು, ಅಭ್ಯಾಸದ ಮೇಲೆ ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು. "ಟೈಮ್ ಆತೇನ್ರಿ? ಏಳ್ಲೇನು?"

ದೊಡ್ಡಪ್ಪ ಹೋಗಿ ಅವರ ಪಕ್ಕದಲ್ಲಿ, ಬೆಂಚಿನ ಮೇಲೆ ಕೂತರು. ಮನೆಯ ಹೊರಗೆ ಅವರು ಹಾಗೆ ಬೆನ್ನು ಒರಗಿಸಿ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಯಾಕ ಏಳ್ತಿ, ಕುಂದ್ರು" ಎಂದರು. "ಭಾಳ ಟೈಮ್ ಐತಿ."