ಮಂಚವಿಲ್ಲದ ಊರು

ಇದು ಹೀಗೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಬೇರೆಯವರ ನೆನಪನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ನನ್ನ ನೆನಪಿನ ಪಾಠ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ನಮ್ಮ ಸೀಮೆಯ ದೇವರು, ನಡಾವಳಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಎಲ್ಲರ ಮಾತಿಗೂ ಅಡಿಟಿಪ್ಪಣಿ ಹಾಕಿದವನು ಒಂದು ವಾಕ್ಯವನ್ನು ಮಾತ್ರ ಹಾಗೇ ಬಿಟ್ಟೆ: ತೆರಕಣಾಂಬಿ ಪಕ್ಕದ ನನ್ನ ಸೋದರತ್ತೆಯ ಊರಿನಲ್ಲಿ ಮಾರಮ್ಮ ಬರಿನೆಲದ ಮೇಲೆ ನೆಲೆಸಿರುವುದರಿಂದ ಶತಮಾನಗಳಿಂದ ಯಾರೂ ಮಂಚದ ಮೇಲೆ ಮಲಗುವುದಿಲ್ಲ. ಬಾಲ್ಯದ ರಜೆಗಳಲ್ಲಿ ಅಲ್ಲಿ ಚಾಪೆಯ ಮೇಲೆ ಮಲಗಿದ್ದು ನನ್ನ ಬೆನ್ನಿಗೇ ಗೊತ್ತಿತ್ತು. ಅದಕ್ಕಿಂತ ಆಧಾರ ಬೇಕೆ ಎಂದುಕೊಂಡೆ.

ಪುಸ್ತಕ ಮಾರಾಟವಾಗಲಿಲ್ಲ. ಚಾಮರಾಜನಗರದ ನಮ್ಮ ಮನೆಯಲ್ಲಿ ಪ್ರತಿಗಳ ಕಟ್ಟುಗಳ ಸಂದಿ ಗುಡಿಸಲಾಗದೆಂದು ಹೆಂಡತಿ ಗೊಣಗಿದ ಮೇಲೆ ಸಿಕ್ಕವರಿಗೆಲ್ಲ ಹಂಚಿದೆ. ಮಾರಮ್ಮನ ಪೂಜಾರಿಗೂ ಒಂದು ಹೋಯಿತು. ನನಗೆ ತಿಳಿದಂತೆ ಪೂರ್ತಿ ಓದಿದವನು ಅವನೊಬ್ಬನೇ. ಮೊನ್ನೆ ಅತ್ತೆ ಮಂಡಿನೋವು ತಾಳಲಾರದೆ ಗುಂಡ್ಲುಪೇಟೆಯಿಂದ ಮಂಚ ತರಿಸಿದಾಗ, ಅವನು ಪುಸ್ತಕ ಹಿಡಿದು ಬಂದು ತಡೆದ. ಮಂಚ ಜಗಲಿಯಲ್ಲೇ ಉಳಿಯಿತು, ಅತ್ತೆ ಒಳಗೆ ನೆಲದ ಮೇಲೆ. ಏಳಬೇಕಾದರೆ ಇಬ್ಬರು ಹಿಡಿದೆತ್ತಬೇಕು. ಸುದ್ದಿ ತಿಳಿದು ಬಸ್ಸು ಹತ್ತಿದೆ.

"ಬಾರಪ್ಪ, ಪುಸ್ತಕ ಬರ್ದೋನೆ," ಎಂದಳು ಅತ್ತೆ, ಕೂತಲ್ಲಿಂದಲೇ. "ಮಂಚ ಆಗದಿಲ್ಲ ಅಂತ ನಿಂಗ್ಯಾರ್ಲಾ ಯೋಳುದ್ರು?"

"ನೀನೇ ಅತ್ತೆ. ಮಾರಮ್ಮ ಮುನಿಸ್ಕೋತಾಳೆ ಅಂತಿದ್ದೆ."

ಅತ್ತೆ ನನ್ನನ್ನೇ ನೋಡುತ್ತ ನಕ್ಕುಬಿಟ್ಟಳು. "ಅಯ್ಯೋ, ಅದು ಊರ್ಗಲ್ಲ ಕಣ್ಲಾ, ನಿಂಗೆ! ದಿನಾ ಮಂಚದಲ್ಲಿ ಉಚ್ಚೆ ಉಯ್ಕತಿದ್ದೆ. ಆಸ್ಗೆ ಒಣಗ್ಸಿ ಒಣಗ್ಸಿ ಸಾಕಾಗಿ ಮಾರಮ್ಮನ ಎಸ್ರು ಯೋಳ್ಬುಟ್ಟೆ. ನೀನೊಬ್ನೇ ಮಲಗಕ್ಕೆ ಎದರ್ತಿದ್ದೆ ಅಂತ ನಾವೂ ಕೆಳಗೇ ಮಲಗ್ತಿದ್ದೊ."

ಪೂಜಾರಿಯನ್ನು ಕರೆಸಿ, ಆ ವಾಕ್ಯ ತಪ್ಪು ಎಂದೆ. ಅವನ ಮುಖ ಇಳಿಯಿತು. "ಅಚ್ಚಾಗಿರದು ಎಂಗೆ ತಪ್ಪಾದದು ಸಾ? ಅದ್ನ ಓದಿ ನಮ್ಮನೆ ಮಂಚನೂ ಅಟ್ಟಕ್ಕೆ ಆಕ್ಬುಟ್ಟಿವಿ. ನೆಲದಲ್ಲಿ ಮಲಗಿ ಮಲಗಿ ನನ್ ಸ್ವಂಟನೂ ಓಯ್ತು!"

ಶತಮಾನಗಳದ್ದೆಂದು ನಾನು ಬರೆದ ಆಚರಣೆ, ನಾನು ಬರೆದ ಮೇಲೆ ನಿಜವಾಗಿತ್ತು. ನಾಳೆ ಇನ್ನೊಬ್ಬ ಸಂಶೋಧಕ ಬಂದು ಕೇಳಿದರೆ ಊರು ಹೌದೆಂದೇ ಹೇಳುತ್ತಿತ್ತು. ನಾನು ಭಕ್ತಿಯಿಂದ ಉಲ್ಲೇಖಿಸಿದ ಹಳೆಯ ಪುಸ್ತಕಗಳಲ್ಲಿ ಇಂಥ ಎಷ್ಟು ಹಾಸಿಗೆಗಳು ಒಣಗುತ್ತಿವೆಯೋ!

ಪೂಜಾರಿಯ ಪ್ರತಿಯಲ್ಲಿ ಆ ಸಾಲು ಹೊಡೆದುಹಾಕಿದೆ. "ಕಾರಣನೂ ಬರೀರಿ ಸಾ, ಊರ್ನೋರು ಕೇಳ್ತರೆ," ಎಂದ. ಅಂಚಿನಲ್ಲಿ ಅದನ್ನೂ ಬರೆದೆ. ಅವನೇ ಒಂದು ಕಡೆ ಹಿಡಿದು ಮಂಚ ಒಳಗೆ ತಂದ. ಅತ್ತೆ ಅದರ ಮೇಲೆ ಕೂತು ಕಾಲು ಇಳಿಬಿಟ್ಟಳು. ಆಮೇಲೆ ಯಾರ ಸಹಾಯವೂ ಇಲ್ಲದೆ ಎದ್ದು ನನಗೆ ಕಾಫಿ ಕಾಸಲು ಹೋದಳು.

ಮನೆಗೆ ಬಂದ ಮೇಲೆ ಹಳೆಯ ಚಾಳಿ ಬಿಡಲಿಲ್ಲ. ವಯಸ್ಸಾದ ಅತ್ತೆಯೊಬ್ಬಳ ನೆನಪನ್ನೇ ನಂಬುವುದೆ? ಸಂತೆಮರಹಳ್ಳಿಯ ತಂಗಿಯ ಮನೆಯಲ್ಲಿದ್ದ ಅಮ್ಮನಿಗೆ ಫೋನು ಮಾಡಿ ವಿಚಾರಿಸಿದೆ. ಹೌದಂತೆ. ನಾಲ್ಕನೇ ಕ್ಲಾಸು ಮುಗಿಯುವ ತನಕ.