ನಾಲ್ಕನೇ ಸಿಲಿಂಡರ್ ಯಾರಿಗೆ?

ಮಧ್ಯಾಹ್ನ ಸರಿಯಾಗಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾಮಾ ಕಾರಿನ ಬಾನೆಟ್ ಎತ್ತಿ, ಒಂದು ಕೈ ಎಂಜಿನ್ನಿನೊಳಗೆ ಇಟ್ಟುಕೊಂಡೇ ಕುತ್ತಿಗೆ ತಿರುಗಿಸಿ ನಮ್ಮನ್ನು ಎಣಿಸಿದರು. ಅನಾಹುತ ಶುರುವಾದದ್ದು ಆ ಎಣಿಕೆಯಿಂದ. ಗಂಟೆ ಇಷ್ಟು ನಿಖರವಾಗಿ ಹೇಗೆ ಗೊತ್ತು ಅಂತೀರಾ? ಎಕಂಬಾದಲ್ಲಿ ಅತ್ತೆಯ ತಂಗಿಯ ಮನೆಯ ಅಂಗಳದಲ್ಲಿ ನಿಂತು ನಾನು ಆಗಷ್ಟೇ ಗಡಿಯಾರ ನೋಡಿ, ‘ಐದು ಗಂಟೆಗೆ ಬೀದರದಲ್ಲಿ ಚಹಾ’ ಎಂದುಕೊಂಡಿದ್ದೆ.

“ಬರೋವಾಗ ಎಷ್ಟು ಮಂದಿ ಇದ್ದಿವಿ ಬೇಟಾ?” ಎಂದರು ಮಾಮಾ.

“ನಾಲ್ಕು.”

“ಈಗ?”

“ಮೂರು. ಸಣ್ಣತ್ತಿನ್ನ ಇಲ್ಲೇ ಬಿಟ್ಟೀವಲ್ಲ.”

“ಹಂಗಾದ್ರ ನಾಲ್ಕನೇ ಸಿಲಿಂಡರ್ ಯಾರಿಗಿ?”

ನಾನು ನಕ್ಕೆ. ಅತ್ತೆ ಹಣೆ ಬಡಿದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಮಾಮಾ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್. ಒಂದೊಂದಕ್ಕೂ ಕಿಡಿ ಹಾರಿಸುವ ಒಂದೊಂದು ಪ್ಲಗ್, ಆ ಪ್ಲಗ್ಗಿಗೊಂದು ವೈರ್. ಮಾಮಾ ನಾಲ್ಕನೆಯ ವೈರನ್ನು ಕಿತ್ತು, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಊಟ ಮುಗಿಸಿದವರ ಹಾಗೆ ಕೈ ಒರೆಸಿಕೊಂಡರು.

ನನ್ನ ಮಾಮಾನಷ್ಟು ಕಡಿಮೆ ಪೆಟ್ರೋಲಿನಲ್ಲಿ ಅಷ್ಟು ದೂರ ಹೋದ ಮನುಷ್ಯ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ! ಭಾಲ್ಕಿಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸೀಮೆಸುಣ್ಣದ ಕೊನೆಯ ಚೂರುಗಳನ್ನು ಅಂಟು ಹಚ್ಚಿ ಜೋಡಿಸಿ ಮತ್ತೆ ಬರೆಯುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಅಂಟೆಲ್ಲ ಕಾರಿಗೆ ಬಂತು. ನಮ್ಮ ಕಡೆ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ‘ಎವರೇಜ್’ ಎನ್ನುತ್ತಾರೆ. ಜನ ಎದುರಾದರೆ ಮೊದಲು ಆರೋಗ್ಯ ಕೇಳುತ್ತಾರಲ್ಲ, ಮಾಮಾ ಎವರೇಜ್ ಕೇಳುತ್ತಾರೆ. ನಮ್ಮ ಪಾಸ್ಟರ್ ಹೊಸ ಕಾರು ತಂದು ಪ್ರಾರ್ಥನೆ ಮಾಡಿಸಿದ ದಿನ, ಎಲ್ಲರೂ ಆಮೆನ್ ಎಂದ ಮರುಕ್ಷಣ ಮಾಮಾ ಕೇಳಿದ್ದು ಅದನ್ನೇ.

ಅವರ ಕಾರಿಗೆ ಹದಿನೈದು ತುಂಬಿತ್ತು. ಬೀದರದಲ್ಲಿ ಹೊಗೆ ಪರೀಕ್ಷೆ, ತಪಾಸಣೆ ಎಲ್ಲ ಪಾಸಾದರೆ ಮುಂದೆ ಓಡಬಹುದು, ಇಲ್ಲದಿದ್ದರೆ ಗುಜರಿಗೆ. ಅದು ಗುಜರಿಗೆ ಹೋಗುವಂತಿರಲಿಲ್ಲ. ಅತ್ತೆಗೆ ಉಸಿರಿನ ತೊಂದರೆ, ತಿಂಗಳಿಗೊಮ್ಮೆ ಬೀದರದ ಡಾಕ್ಟರಿಗೆ ತೋರಿಸಲೇಬೇಕು. ಬಸ್ಸಿನ ಧೂಳಿನಲ್ಲಿ ಹೋದರೆ ಡಾಕ್ಟರ ಬಾಗಿಲಿಗೆ ಮುಟ್ಟುವಷ್ಟರಲ್ಲಿ ಎದೆ ಸೀಟಿ ಊದುತ್ತಿರುತ್ತದೆ. ಅತ್ತೆಯ ಉಸಿರು ಆ ಮುದಿ ಕಾರಿನ ಮೇಲೆ ನಿಂತಿತ್ತು. ಪರೀಕ್ಷೆ ಮರುದಿನ ಬೆಳಿಗ್ಗೆ.

ಎವರೇಜ್‌ಗಾಗಿ ಮಾಮಾ ಮಾಡದ ಕೆಲಸವಿಲ್ಲ. ಬಾನೆಟ್ ಕೆಳಗೆ ಒಂದು ಲೀಟರಿನ ಬಾಟಲಿ ಕಟ್ಟಿ, ಟ್ಯಾಂಕಿನ ಪೈಪ್ ಬಿಡಿಸಿ, ಅದರಿಂದಲೇ ಗಾಡಿ ಓಡಿಸುತ್ತಾರೆ. ಎಲ್ಲಿ ನಿಂತಿತೋ ಅಲ್ಲಿಗೆ ಎವರೇಜ್. ಒಮ್ಮೆ ಅದು ಕಮಲನಗರದ ಕಾಳುಕಡ್ಡಿಯ ಅಡತ್ ಬಜಾರಿನ ನಟ್ಟನಡುವೆ ನಿಂತಿತು. ಹಿಂದೆ ಲಾರಿಗಳ ಹಾರ್ನು. ಮಾಮಾ ಕೆಳಗಿಳಿದು ಎರಡೂ ಕೈ ಮೇಲೆತ್ತಿ, “ಇಪ್ಪತ್ತೊಂದು ಬಂತು!” ಎಂದು ಕೂಗಿದರು. “ಕಾಯ್ ಝಾಲಂ ಗುರುಜೀ?” ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ ಒಬ್ಬ ಅಂಗಡಿಯವ ಓಡಿಬಂದ. ಏನು ಬಂತೆಂದು ಪಾಪ ಅವನಿಗೆ ತಿಳಿಯಲಿಲ್ಲ. ಇಷ್ಟು ಖುಷಿಯಾದವರನ್ನು ಬರಿಬಾಯಲ್ಲಿ ಕಳಿಸಬಾರದೆಂದು ಪೇಡಾ ತಂದುಕೊಟ್ಟ! ಅಂದಿನಿಂದ ಮುಂಜಾಗ್ರತೆಗೆ ಒಂದು ಬಾಟಲಿ ಪೆಟ್ರೋಲ್ ಮುಂದಿನ ಸೀಟಿನ ಕಾಲಬುಡದಲ್ಲೇ ಇರುತ್ತದೆ. ಈ ಬಾಟಲಿಯನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಬೇಕೆಂದರೂ ಆಗುತ್ತಿಲ್ಲ.

ಇನ್ನು ತೂಕ. ಸ್ಟೆಪ್ನಿ ಮನೆಯಲ್ಲಿ. ಜಾಕ್ ಮನೆಯಲ್ಲಿ. ಕಿಟಕಿ ಇಳಿಸುವ ನಾಲ್ಕು ಹಿಡಿಕೆಗಳಲ್ಲಿ ಮೂರು ಮನೆಯಲ್ಲಿ. ಉಳಿದ ಒಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಗಾಳಿ ಬೇಕಾದವರು ಕೇಳಿ ಪಡೆಯಬೇಕು. ಕೇಳಿದರೂ ಸುಲಭವಾಗಿ ಸಿಗದು, ಏಕೆಂದರೆ ಕಿಟಕಿ ತೆರೆದರೆ ಗಾಳಿ ಗಾಡಿಯನ್ನು ಹಿಂದಕ್ಕೆಳೆಯುತ್ತದೆ! ಅತ್ತೆ ಮಾಮಾನಿಗಿಂತ ಒಂದೂವರೆ ಪಟ್ಟು. ಅವರು ಹತ್ತಿದಾಗಲೆಲ್ಲ ಮಾಮಾ, “ಲೋಡ್ ಆಯ್ತು, ಹೋಗ್ರಿ ರೈಟ್,” ಎನ್ನುತ್ತಿದ್ದರು.

“ಏನ್ರೀ, ಲೋಡ್ ಭಾಳ ಆಗಿದ್ರ ನನಗೂ ಮನ್ಯಾಗೇ ಇಟ್ಟು ಬರ್ರಿ, ಸ್ಟೆಪ್ನಿ ಬಾಜೂಕ,” ಎನ್ನುತ್ತಿದ್ದರು ಅತ್ತೆ.

“ಅಲ್ಲಿಟ್ರ ನೀ ಸುಮ್ಮ ಕೂಡ್ತಿ ಏನ? ಸ್ಟೆಪ್ನಿಗಿ ಮಾತ ಕಲಿಸ್ತಿ!”

ಇಷ್ಟೆಲ್ಲ ಹುಚ್ಚಿನ ನಡುವೆ ಒಂದು ವಿಚಿತ್ರವಿತ್ತು. ಗಾಡಿಯ ಹೊಟ್ಟೆಯ ಕೆಳಗೆ ಸೈಲೆನ್ಸರ್ ಪೈಪಿನ ನಡುವೆ ಒಂದು ಡಬ್ಬಿ ಇರುತ್ತದೆ. ಹೊಗೆಯ ವಿಷವನ್ನು ಸುಟ್ಟು ಹಗುರ ಮಾಡಿ ಹೊರಬಿಡುವ ಡಬ್ಬಿ. ಭಾಲ್ಕಿಯ ಮೇಸ್ತ್ರಿ ಒಮ್ಮೆ ಅದನ್ನು ತಟ್ಟಿ ನೋಡಿ, “ಸರ್, ಇದು ಗಾಡಿದು ದಮ್ ಕಟ್ಟಲತ್ತದರಿ. ತೆಗದು ಸೀದಾ ಪೈಪ್ ಹಾಕ್ತೇನಿ. ಎವರೇಜ್ ಎರಡು ಕಿಲೋಮೀಟರ್ ಏರ್ತದ,” ಎಂದ. ಎರಡು ಕಿಲೋಮೀಟರ್! ಮಾಮಾ ಅವನನ್ನು ಅಪ್ಪಿಕೊಳ್ಳುತ್ತಾರೆಂದೇ ನಾನು ತಿಳಿದಿದ್ದೆ.

“ಡಬ್ಬಿಗಿ ಕೈ ಹಚ್ಚಿದ್ರ ಗಾಡಿ ಇಲ್ಲಿಂದ ತಳ್ಕೋತ ಒಯ್ತೀನಿ!” ಎಂದರು. ಅವನಿನ್ನೂ ಸ್ಪ್ಯಾನರ್ ಕೆಳಗಿಟ್ಟಿರಲಿಲ್ಲ. ಮಾಮಾ ತಳ್ಳಿಕೊಂಡು ಹೊರಟೇಬಿಟ್ಟರು. ಮನೆಗೆ ಬಂದು, ಅಷ್ಟು ಪೆಟ್ರೋಲ್ ಉಳಿಯಿತೆಂದು ಸಂತೋಷವನ್ನೂ ಪಟ್ಟರು. ಡಬ್ಬಿಯ ಮೇಲೆ ಯಾಕಿಷ್ಟು ಮಮತೆ? ಕಾಯಿದೆಗೆ ಹೆದರುವ ಮೇಷ್ಟರೆಂದು ನಾವು ನಕ್ಕು ಬಿಟ್ಟೆವು.

ಎಕಂಬಾ ಬಿಟ್ಟು ಔರಾದ ದಾಟುವವರೆಗೆ ಗಾಡಿ ಕುಂಟುವ ಎತ್ತಿನ ಹಾಗೆ ಗದಗದ ನಡುಗುತ್ತಿತ್ತು. ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ಮಾಮಾ ನನ್ನ ಕಡೆ ಅನುಮಾನದಿಂದ ನೋಡಿದರು.

“ಮಧ್ಯಾಹ್ನ ಎಷ್ಟು ತತ್ತಿ ತಿಂದಿ ಬೇಟಾ?”

“ನಾನಲ್ಲ ಮಾಮಾ!”

“ಸುಳ್ಳ್ಯಾಕ ಹೇಳ್ತಿ, ಮನಿ ಮಂದೀನೇ ಅದೀವಿ.”

ನನಗೆ ಸಿಟ್ಟು ಬಂತೇ ಹೊರತು ಬುದ್ಧಿ ಬರಲಿಲ್ಲ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದವಳು ನಾನು! ಆ ಡಬ್ಬಿಯೊಳಗಿರುವಂಥ ವೇಗವರ್ಧಕಗಳ ಬಗ್ಗೆ ಪುಟಗಟ್ಟಲೆ ಉತ್ತರ ಬರೆದು ಅಂಕ ತೆಗೆದುಕೊಂಡವಳು. ವೈರ್ ಕಿತ್ತರೆ ಕಿಡಿ ನಿಲ್ಲುತ್ತದೆ, ಪೆಟ್ರೋಲ್ ನಿಲ್ಲುವುದಿಲ್ಲ. ನಾಲ್ಕನೆಯ ಸಿಲಿಂಡರಿನ ಪೆಟ್ರೋಲ್ ಸುಡದೆ ಹಸಿಹಸಿಯಾಗಿ ಹೋಗಿ, ಆ ಡಬ್ಬಿಯೊಳಗೆ ಸುಡತೊಡಗಿತ್ತು. ನಮ್ಮ ಕಾಲಡಿಯ ಕಬ್ಬಿಣ ಕಮ್ಮಾರನ ಕುಲುಮೆಯಲ್ಲಿಟ್ಟಂತೆ ಕೆಂಪಾಗುತ್ತಿತ್ತು. ಇಷ್ಟೂ ನನಗೆ ಹೊಳೆದದ್ದು ಎರಡು ದಿನದ ನಂತರ.

ಮುಂದೆ ಒಂದು ಇಳಿಜಾರು ಬಂತು. ಇಳಿಜಾರು ಕಂಡರೆ ಮಾಮಾ ಬಿಡುತ್ತಾರೆಯೇ? ಎಂಜಿನ್ ಬಂದ್ ಮಾಡಿ ಗಾಡಿಯನ್ನು ಜಾರಬಿಟ್ಟರು. ಜಾರಿ ಜಾರಿ, ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಕೊಟ್ಟು, ರಸ್ತೆಯ ಅಂಚಿಗೆ ಹೋಗಿ ನಿಂತಿತು. ಅಲ್ಲಿ ಸೋಯಾ ಒಕ್ಕಿ ರಾಶಿ ಮಾಡಿ ಒಣಹೊಟ್ಟನ್ನು ಮೊಣಕಾಲುದ್ದ ಹರವಿದ್ದರು, ಕಾದ ಡಬ್ಬಿ ಅದರ ಮೇಲೇ ಕೂತಿತು. ಮೂರು ಸಿಲಿಂಡರಿನ ಎಂಜಿನ್ ಮತ್ತೆ ಚಾಲೂ ಆಗಲೊಲ್ಲದು. ಮಾಮಾ ಕೀಲಿ ತಿರುಗಿಸುತ್ತಿದ್ದರು. ಅತ್ತೆಗೆ ಹಿಂದೆ ನಿದ್ದೆ ಹತ್ತಿತ್ತು.

“ಏ ಯಪ್ಪಾ, ಗಾಡಿ ಬುಡಕ ಹೊಗಿ!” ರಾಶಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಕೂಗಿದಳು.

“ಭಾಪ್ ಇರ್ತದವ್ವಾ, ಗರಮ್ ಆಗ್ಯಾದ,” ಎಂದರು ಮಾಮಾ, ಸಾಲೆಯಲ್ಲಿ ಹಬೆಯ ಪಾಠ ಹೇಳುವ ಧ್ವನಿಯಲ್ಲಿ.

“ಭಾಪ್ ಕೆಂಪಗ ಇರ್ತದೇನ್ರಿ? ಬೆಂಕಿ ಹತ್ಯಾದ, ಇಳೀರಿ!”

ನನ್ನ ಪಾದಗಳು ಬಿಸಿಯಾದವು. ಕಾಲಬುಡದಲ್ಲಿ ಬಾಟಲಿ. ಅದನ್ನೆತ್ತಿಕೊಂಡು ಜಿಗಿದೆ, ಹೊಲದಂಚಿನ ಬರಿಮಣ್ಣಿಗೆ ಓಡಿ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಎಸೆದೆ. ತಿರುಗಿ ನೋಡಿದರೆ ಎಡಗಡೆಯೆಲ್ಲ ಉರಿ. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ, ಅಲ್ಲಿಗೆ ಕಾಲಿಡುವಂತಿಲ್ಲ. ಬಲಬಾಗಿಲು ತೆರೆಯದೆ ವರ್ಷಗಳಾಗಿದ್ದವು. ಕಿಟಕಿಗಳು ಗಾಳಿಯಾಡದಂತೆ ಮುಚ್ಚಿದ್ದವು. ಗಾಜಿನ ಹಿಂದೆ ಅತ್ತೆ ಎದ್ದು ಕುಳಿತು ಬಾಯಿ ತೆರೆದು ಗಾಜನ್ನು ಬಡಿಯುತ್ತಿದ್ದರು. ಸದ್ದು ಮಾತ್ರ ಕೇಳುತ್ತಿರಲಿಲ್ಲ.

ಕೆಳಗಿಳಿದಿದ್ದ ಮಾಮಾ ಹಿಡಿಕೆ ಹುಡುಕಲಿಲ್ಲ. ಚಾಲಕನ ಬಾಗಿಲಿನಿಂದ ಒಳಗೆ ನುಗ್ಗಿ, ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಅರ್ಧ ದೇಹ ಇಳಿಸಿ, ಅತ್ತೆಯ ಕಂಕುಳಿಗೆ ಕೈ ಹಾಕಿ ಎಳೆದರು. ಪೆಟ್ರೋಲ್ ಕ್ಯಾನೂ ಇಬ್ಬರ ಕೈಯಲ್ಲಿ ಎತ್ತಿಸುವ ಮನುಷ್ಯ! ಆ ಸಂದಿಯಿಂದ ಅಷ್ಟು ದೊಡ್ಡ ಅತ್ತೆ ಹೇಗೆ ಹೊರಬಂದರೋ, ನಾನು ನೂರು ಸಲ ನೆನೆಸಿಕೊಂಡರೂ ಲೆಕ್ಕ ಹತ್ತುವುದಿಲ್ಲ. ಮಾಮಾನ ಅಂಗಿಯ ತೋಳು ಹೊಗೆಯಾಡುತ್ತಿತ್ತು. ಲೋಡ್ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ರಾಶಿಯವರು ಕರೀಮಣ್ಣು, ಒದ್ದೆ ಗೋಣಿಚೀಲ, ಕೊಡದ ನೀರು ಎಲ್ಲ ಹಾಕಿ ಬೆಂಕಿ ನಂದಿಸಿದರು. ಏನಾಯಿತೆಂದು ಕೇಳಿದ್ದಕ್ಕೆ ಮಾಮಾ, ಆ ಸ್ಥಿತಿಯಲ್ಲೂ ಪ್ರಾಮಾಣಿಕವಾಗಿ, ಮೂರು ಮಂದಿ ಮತ್ತು ನಾಲ್ಕು ಸಿಲಿಂಡರಿನ ಲೆಕ್ಕ ಹೇಳಿದರು. ಆ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಹಂಗಾದ್ರ ನಾಲ್ಕನೇದು ನಮ್ಮ ಹೊಟ್ಟಿಗಿ ಇತ್ತೇನ್ರಿ ಗುರುಜಿ?”

ನಗು ಬರಬೇಕಿತ್ತು. ಆದರೆ ಅತ್ತೆಯ ತುಟಿ ನೀಲಿಯಾಗಿತ್ತು. ಪರ್ಸಿನಲ್ಲಿದ್ದ ಉಸಿರಿನ ಪಂಪ್ ಕಾರಿನಲ್ಲೇ ಉಳಿದಿತ್ತು. ಆ ಟ್ರ್ಯಾಕ್ಟರಿನವನೇ ಹಿಂತಿರುಗಿ ಬಂದು ನಮ್ಮನ್ನು ಔರಾದದ ಆಸ್ಪತ್ರೆಗೆ ಮುಟ್ಟಿಸಿದ. ಅತ್ತೆಯ ಮೂಗಿಗೆ ಆಕ್ಸಿಜನ್ ಹಾಕಿದರು. ಹೊರಗಿನ ಬೆಂಚಿನ ಮೇಲೆ ಮಾಮಾ ಸುಟ್ಟ ತೋಳನ್ನು ನೋಡಿಕೊಳ್ಳುತ್ತ ಕುಳಿತಿದ್ದರು.

“ಮೊದಲಿನ ಗಾಡಿಗಿ ಡಬ್ಬಿ ಇರಲಿಲ್ಲ ಬೇಟಾ,” ಎಂದರು ಇದ್ದಕ್ಕಿದ್ದಂತೆ. “ಸಾಲಿಗಿ ಹೋಗೋ ಮುಂದ, ಎಂಜಿನ್ ಗರಮ್ ಆಗ್ಲಿ ಅಂತ ದಿನಾ ಆಕೀ ಖೋಲಿ ಕಿಟಕಿ ಬುಡಕ ಚಾಲೂ ಇಡ್ತಿದ್ದೆ. ಒಳಗ ಆಕಿ ಕೆಮ್ತಿದ್ಳು, ಹೊರಗ ನಾ ಹಲ್ಲ ತಿಕ್ತಿದ್ದೆ. ಡಾಕ್ಟರ್ ಧೂಳಿಂದ ಅಂದ್ರು. ನನಗ ಗೊತ್ತದ ಯಾತರಿಂದ ಅಂತ. ಆ ಡಬ್ಬಿ ಸಲುವಾಗಿನೇ ಈ ಗಾಡಿ ತಂದೆ. ಅದು ತಿಂದ ಎವರೇಜ್ ಬ್ಯಾರೆ ಕಡಿಂದ ತೆಗಿಬೇಕಂತ ಹಟ ಇತ್ತು.” ಅಂಗಿಯ ಮಸಿ ಕೊಡವಿ, “ಆ ಹಟದಿಂದೇ ಡಬ್ಬಿ ಸುಟ್ಟೆ ನೋಡು,” ಎಂದರು.

ಅತ್ತೆ ಮೂರನೆಯ ದಿನ ಮನೆಗೆ ಬಂದರು. ನಿದ್ದೆ ಮಾತ್ರ ಯಾರಿಗೂ ಬರಲಿಲ್ಲ. ಬೀದರದ ನಮ್ಮ ಮನೆಯಲ್ಲಿ ನಾನು ಕಣ್ಣು ಮುಚ್ಚಿದರೆ ಗಾಜು ಬಡಿಯುವ ಕೈ ಕಾಣುತ್ತಿತ್ತು. ಭಾಲ್ಕಿಯಲ್ಲಿ ಮಾಮಾ ಎದ್ದು ಕುಳಿತು ಅತ್ತೆಯ ಮೂಗಿನ ಹತ್ತಿರ ಅಂಗೈ ಹಿಡಿಯುತ್ತಿದ್ದರಂತೆ. “ನಾ ಸತ್ತಿಲ್ರೀ, ಕೈ ತೆಗೀರಿ,” ಎಂದು ಅತ್ತೆ ಬೈಯುತ್ತಿದ್ದರಂತೆ.

ಮಾಮಾ ಸೋಲುವ ಆಸಾಮಿಯಲ್ಲ. ಅರೆಸುಟ್ಟ ಗಾಡಿಯನ್ನು ಭಾಲ್ಕಿಯ ಮೇಸ್ತ್ರಿಯ ಹತ್ತಿರ ಎಳೆಸಿ ತಂದು, ಪರೀಕ್ಷೆಗೆ ಬೇರೆ ದಿನ ಬರೆಸಿದರು. ಹೊಸ ಡಬ್ಬಿ, ಹೊಸ ವೈರಿಂಗ್. ಎರಡೂ ಹಿಂಬಾಗಿಲು ಒಳಗಿನಿಂದಲೂ ತೆರೆಯುವಂತೆ ಮಾಡಿಸಿದರು. ನಾಲ್ಕು ಕಿಟಕಿಗೆ ನಾಲ್ಕು ಹಿಡಿಕೆ. ನಾನೆಸೆದ ಬಾಟಲಿಯನ್ನು ಹುಡುಕಿ ತಂದು, ತೊಳೆದು, ಒಣಗಿಸಿ, ಗುಜರಿಯವನಿಗೆ ಕೊಟ್ಟರು. ಮೇಸ್ತ್ರಿಯ ತಲೆಯ ಮೇಲೆ ನಿಂತು ಒಂದೊಂದನ್ನೂ ಮೂರು ಸಲ ತೆಗೆದು ಹಾಕಿಸಿದರಂತೆ. ಅವನು, “ಸರ್, ಪರೀಕ್ಷಾ ಗಾಡಿದೋ ನಂದೋ?” ಎಂದನಂತೆ.

ಮಂಗಳವಾರ ಗಾಡಿ ಪಾಸಾಯಿತು. ಡಾಕ್ಟರಿಗೂ ಅತ್ತೆಯನ್ನು ತೋರಿಸಿ, ಸಂಜೆ ಇಬ್ಬರೂ ನಮ್ಮ ಮನೆಗೆ ಬಂದರು. ನಾಲ್ಕೂ ಕಿಟಕಿ ತೆರೆದಿದ್ದವು. ನಾನು ಅಭ್ಯಾಸಬಲದಿಂದ ಕೇಳಿದೆ: “ಮಾಮಾ, ಭಾಲ್ಕಿಯಿಂದ ಇಲ್ಲೀತನಕ ಎವರೇಜ್ ಎಷ್ಟು ಬಂತು?”

ಅವರು ಕಾರಿನ ಕಡೆ ತಿರುಗಿ ನೋಡಿದರು.

“ನೋಡ್ಲಿಲ್ಲ ಬೇಟಾ. ಹಿಂದ ಆಕಿ ಮಲಗಿದ್ಳು. ಆಕೀ ಉಸಿರು ಎಣಸ್ಕೋತ ಬಂದೆ.”

“ಎಷ್ಟಾತ್ರಿ?” ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

“ಹಲಬರ್ಗಾದ ಹಂತ್ಯಾಕ ಲೆಕ್ಕ ತಪ್ಪಿತು,” ಎಂದರು ಮಾಮಾ. ಎವರೇಜ್ ಲೆಕ್ಕ ಒಮ್ಮೆಯೂ ತಪ್ಪದ ಮನುಷ್ಯ!

ಬುಧವಾರ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಪಡಸಾಲೆಯಲ್ಲಿ ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಮಾಮಾನೂ ಗಾಢ ನಿದ್ದೆಯಲ್ಲಿದ್ದರು. ಅಂಗೈ ಇನ್ನೂ ಅತ್ತೆಯ ಮೂಗಿನ ಬಳಿಯೇ ಇತ್ತು.