ರಾಣಿಯ ಕಿವಿಯಲ್ಲಿ ವಿಭೂತಿ

ನಾನು ಹುಟ್ಟಾ ಪುಕ್ಕಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನಾಗಿ ಹೇಳದಿದ್ದರೆ ಯಾರಾದರೂ ಕಂಡುಹಿಡಿದುಬಿಡುತ್ತಾರೆ ಎಂಬ ಭಯದಿಂದಲೇ ಹೇಳುತ್ತಿದ್ದೇನೆ. ಹಲ್ಲಿ, ಲಿಫ್ಟು, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಮದುವೆ ಮನೆಯಲ್ಲಿ ಕೈ ಹಿಡಿದುಕೊಂಡು ‘ನಾನು ಯಾರು ಹೇಳಿ ನೋಡೋಣ?’ ಎನ್ನುವ ದೂರದ ನೆಂಟರು, ಎಲ್ಲಕ್ಕೂ ಹೆದರುತ್ತೇನೆ. ಆದರೆ ಇತ್ತೀಚೆಗೆ ಇವೆಲ್ಲವನ್ನೂ ಮೀರಿಸಿ ನನ್ನ ನಿದ್ದೆ ಕೆಡಿಸಿರುವುದು ನನ್ನದೇ ಅಂಗಿ ಜೇಬಿನಲ್ಲಿರುವ ಒಂದು ಪುಟ್ಟ ಭೂತಗನ್ನಡಿ.

ಆ ಗಾಜಿಗೂ ನನಗೂ ನಂಟು ಬೆಳೆದದ್ದು ಹಳೆಯ ನಾಣ್ಯಗಳ ಹುಚ್ಚಿನಿಂದ. ಜಯಲಕ್ಷ್ಮಿಪುರಂನಲ್ಲಿ ಪುಟ್ಟಸ್ವಾಮಯ್ಯ ಎಂಬ ನಿವೃತ್ತ ಸಬ್ ರಿಜಿಸ್ಟ್ರಾರ್ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರ ಮನೆಯ ವರಾಂಡದಲ್ಲಿ ನನ್ನಂಥ ಹುಚ್ಚರು ಒಂದಿಷ್ಟು ಜನ ಸೇರುತ್ತೇವೆ. ಒಬ್ಬೊಬ್ಬರು ತಂದ ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ನೋಡಿ ದರ್ಜೆ ಹೇಳಬೇಕಲ್ಲ, ಆ ಕೆಲಸ ಪುಟ್ಟಸ್ವಾಮಯ್ಯನವರದು ಮತ್ತು ನನ್ನದು. ನಾವಿಬ್ಬರೂ ಒಪ್ಪಿದರೆ ಅದೇ ಕೊನೆಯ ಮಾತು. ಪುಟ್ಟಸ್ವಾಮಯ್ಯನವರಿಗೆ ಆ ಪಟ್ಟ ಸಿಕ್ಕಿದ್ದು ಅವರ ಹುಬ್ಬಿನಿಂದ. ಅವರು ಹುಬ್ಬು ಗಂಟಿಕ್ಕಿದರೆ ನಾಣ್ಯವೇ ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳುತ್ತದೇನೋ ಅನ್ನಿಸುತ್ತದೆ. ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆಂಬ ಕಾರಣಕ್ಕೆ. ‘ಮೇಷ್ಟ್ರಿಗೆ ಬೆಳ್ಳಿ ಒಳಗಿಂದ ಗೊತ್ತು ಕಣ್ರೀ’ ಎಂದು ಜನ ಮಾತಾಡಿಕೊಳ್ಳುತ್ತಾರೆ. ನನಗೆ ಬೆಳ್ಳಿ ಗೊತ್ತಿರುವುದು ಪಠ್ಯಪುಸ್ತಕದ ಒಳಗಿಂದ ಮಾತ್ರ. ಅದನ್ನು ಹೇಳಲು ಧೈರ್ಯ ಬೇಕು.

ದರ್ಜೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ನಾವು ಯುಎನ್‌ಸಿ ಅನ್ನುತ್ತೇವೆ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಯಾರ ಕೈಯಲ್ಲೂ ಓಡಾಡದ ನಾಣ್ಯ ಎಂದರ್ಥ. ಎಲ್ಲಕ್ಕಿಂತ ಕೆಳಗಿನದು, ದರ್ಜೆಗೇ ನಾಲಾಯಕ್ಕಾದದ್ದು, ಉಜ್ಜಿದ ನಾಣ್ಯ. ಹಳೆಯ ಬೆಳ್ಳಿಯ ಮೇಲೆ ವರ್ಷಗಳು ಕಳೆದಂತೆ ತಾನಾಗಿ ಒಂದು ಕಪ್ಪು ಛಾಯೆ ಕೂರುತ್ತದೆ. ನಮ್ಮಂಥವರಿಗೆ ಅದು ಪ್ರಾಣ, ಮನೆಯ ಹೆಂಗಸರಿಗೆ ಅದು ಕೊಳೆ. ಇನ್ನು ಮೇಲಕ್ಕೂ ಕೆಳಕ್ಕೂ ನಡುವೆ ಇರುವ ದರ್ಜೆಗಳೆಲ್ಲ ನೋಡುವವನ ಕಣ್ಣಿಗೆ ಬಿಟ್ಟದ್ದು. ವರ್ಷಾ ವರ್ಷ ಪರೀಕ್ಷೆಯ ಪೇಪರು ತಿದ್ದುವ ನನಗೆ ಈ ಕಣ್ಣಿನ ಕಥೆ ಚೆನ್ನಾಗಿ ಗೊತ್ತು. ಊಟಕ್ಕೆ ಮುಂಚೆ ತಿದ್ದಿದ ಪೇಪರಿಗಿಂತ ಊಟವಾದ ಮೇಲೆ ತಿದ್ದಿದ ಪೇಪರಿನ ಹುಡುಗ ಯಾವಾಗಲೂ ಜಾಣ. ಆದರೆ ನಾಣ್ಯದ ವಿಷಯದಲ್ಲಿ ನಾನು ಬಲು ಬಿಗಿ. ನನ್ನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಎಂದರೆ ‘ಪರವಾಗಿಲ್ಲ’.

ಪುಟ್ಟಸ್ವಾಮಯ್ಯನವರು ನನಗಿಂತ ಬಿಗಿ. ಅವರ ಬಾಯಲ್ಲಿ ಯುಎನ್‌ಸಿ ಎಂಬ ಮಾತನ್ನು ಈ ಪ್ರಸಂಗಕ್ಕೆ ಮುಂಚೆ ನಾನು ಕೇಳಿದ್ದು ಒಂದೇ ಸಲ, ಅದೂ ನಮ್ಮ ಮನೆಯಲ್ಲಿ, ನನ್ನ ಬೆಳ್ಳಿಯ ಅರ್ಧ ರೂಪಾಯಿಗೆ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಬಂದಿದ್ದರು. ನನ್ನ ಹೆಂಡತಿ ಸುಧಾ ಬಡಿಸಿದ ಒಬ್ಬಟ್ಟು ತಿಂದು, ಕಾಫಿ ಕುಡಿದು, ನಾಣ್ಯವನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ ‘ಯುಎನ್‌ಸಿ ಕಣ್ರೀ ಮೇಷ್ಟ್ರೇ’ ಅಂದರು. ಅವತ್ತಿನಿಂದ ನಾನು ಸ್ವಲ್ಪ ಎದೆ ಮುಂದೆ ಮಾಡಿ ನಡೆಯುತ್ತಿದ್ದೆ.

ಹೀಗಿರುವಾಗ ಮಗಳು ಮೇಘನಾಗೆ ಸಂಬಂಧ ಕುದುರಿತು. ಹುಡುಗ ಇಲ್ಲೇ ಪಶುವೈದ್ಯ, ಒಳ್ಳೆಯವನು. ಅವಳೇ ಮೆಚ್ಚಿ ಆರಿಸಿಕೊಂಡವನು. ಆದ್ದರಿಂದ ಈ ಮದುವೆಯನ್ನು ಕೆಡಿಸುವ ಅವಕಾಶ ಇದ್ದದ್ದು ನನಗೊಬ್ಬನಿಗೇ. ನಿಶ್ಚಿತಾರ್ಥದ ದಿನ ಗೊತ್ತುಮಾಡಲು ನಾನೂ ಸುಧಾನೂ ವಿಜಯನಗರದ ಅವರ ಮನೆಗೆ ಹೊರಟಾಗ ಮೇಘನಾ ಬಾಗಿಲವರೆಗೆ ಬಂದು ‘ಅಪ್ಪಾ, ಅಲ್ಲಿ ಏನೂ ಜಾಸ್ತಿ ಮಾತಾಡ್ಬೇಡಿ. ಕೇಳಿದ್ದಕ್ಕೆಲ್ಲ ಹೂಂ ಅನ್ನಿ, ಸಾಕು’ ಅಂದಳು. ಹೂಂ ಅಂದೆ.

ಹುಡುಗನ ತಂದೆ ನರಸಿಂಹಮೂರ್ತಿಗಳು ಸಜ್ಜನರು. ಅವರ ಮುತ್ತಾತ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರಂತೆ. ಒಂದು ದಸರೆಯಲ್ಲಿ ಇನಾಮಾಗಿ ಬಂದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯನ್ನು ಖರ್ಚು ಮಾಡದೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟರಂತೆ. ‘ಅಲ್ಲಿಂದ ಇಲ್ಲೀತನಕ ಯಾರೂ ಅದನ್ನ ಬರೀ ಕೈಯಲ್ಲಿ ಮುಟ್ಟಿಲ್ಲ ಮೇಷ್ಟ್ರೇ. ನಮ್ಮಪ್ಪ ಹೋಗೋ ಮುಂಚೆ ನನ್ನ ಕೈಲಿಟ್ಟು ಹೋದ್ರು. ನೀವು ನಾಣ್ಯ ನೋಡೋರು, ಮುಖ ನೋಡಿ ಮಾತಾಡೋರಲ್ಲ ಅಂತ ಕೇಳಿದೀನಿ. ತಿಂಡಿ ಆಗ್ಲಿ, ನಿಮಗೆ ತೋರಿಸ್ತೀನಿ. ನನಗಂತೂ ಕಣ್ಣಿಗೆ ಪೊರೆ ಬಂದು ಎಲ್ಲಾ ಮಸುಕು’ ಅಂದರು.

ತಿಂಡಿಯಾದ ಮೇಲೆ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದೆ. ಅವರ ಮನೆಯವರು ಪದ್ಮಮ್ಮ ಟವೆಲ್ ಹಿಡಿದು ನಿಂತಿದ್ದರು. ಟವೆಲ್ ಕೊಡಲಿಲ್ಲ.

‘ಮೇಷ್ಟ್ರೇ, ಒಂದ್ಮಾತು’ ಎಂದು ಪಿಸುಗುಟ್ಟಿದರು. ‘ಆ ರೂಪಾಯಿ ಕರ್ರಗೆ ಅಸಹ್ಯವಾಗಿತ್ತು ಕಣ್ರೀ. ಬೀಗರಾಗೋರು ನೋಡೋಕೆ ಬರ್ತಿದಾರೆ, ಹಂಗೇ ಹೆಂಗೆ ಕೊಡೋದು ಅಂತ ಬೆಳಿಗ್ಗೆ ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿಬುಟ್ಟೆ. ಇವರಿಗೆ ಗೊತ್ತಿಲ್ಲ. ಆಮೇಲೆ ಫೋನಲ್ಲಿ ನನ್ನ ಸೊಸೆಯಾಗೋಳು ಹೇಳ್ತಾಳೆ, ನಾಣ್ಯ ಉಜ್ಜಬಾರ್ದಂತೆ, ಅವರಪ್ಪಂಗೆ ಅದನ್ನ ಕಂಡ್ರೆ ಆಗಲ್ವಂತೆ. ಕೈಕಾಲೇ ಆಡ್ತಿಲ್ಲ ನಂಗೆ. ಗೊತ್ತಾದ್ರೆ ಇವರು ನನ್ನ ಹತ್ರ ಮಾತು ಬಿಟ್ಬಿಡ್ತಾರೆ.’

ಟವೆಲ್ ಇನ್ನೂ ಅವರ ಕೈಯಲ್ಲೇ ಇತ್ತು. ನಾನು ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡೆ.

ನಡುಮನೆಗೆ ಬಂದರೆ ರೇಷ್ಮೆ ಬಟ್ಟೆ ಆಗಲೇ ಬಿಚ್ಚಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಅಯ್ಯೋ ದೇವರೇ! ದೋಸೆ ಕಾವಲಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿದಂತೆ ಮೈತುಂಬ ಸಣ್ಣ ಸಣ್ಣ ಗೀರು. ರಾಣಿಯ ಕೆನ್ನೆ ಫಳಫಳ. ಅವಳ ಕಿವಿಯ ಗುಣಿಯಲ್ಲಿ ವಿಭೂತಿ ಮೆತ್ತಿಕೊಂಡಿತ್ತು. ಇಷ್ಟು ತಲೆಮಾರು ಕಾಪಾಡಿದ್ದ ನಾಣ್ಯ ನನಗೆ ಮರ್ಯಾದೆ ಮಾಡಲು ಹೋಗಿ ಅವತ್ತು ಬೆಳಿಗ್ಗೆ ಹಾಳಾಗಿತ್ತು. ನನಗೆ ನಿಜವಾಗಿ ಅಳು ಬಂತು. ಆದರೆ ಎದುರಿಗೆ ನರಸಿಂಹಮೂರ್ತಿಗಳು ಮಸುಕುಗಣ್ಣನ್ನು ನನ್ನ ಮುಖದ ಮೇಲೇ ನೆಟ್ಟಿದ್ದರು. ಅಡುಗೆಮನೆ ಬಾಗಿಲಲ್ಲಿ ಪದ್ಮಮ್ಮ ಉಸಿರು ಹಿಡಿದು ನಿಂತಿದ್ದರು. ಉಜ್ಜಿದ್ದು ಅಂದರೆ ಆ ಮನೆಯಲ್ಲಿ ಜಗಳ, ಆ ಜಗಳ ಹೊತ್ತಿಸಿದವನು ಹೆಣ್ಣಿನ ಅಪ್ಪ. ಮಗಳ ಮುಖ ಕಣ್ಣ ಮುಂದೆ ಬಂತು.

‘ಹೇಳ್ರೀ, ಸುಮ್ನೆ ಕೂತ್ಬುಟ್ರೆ?’ ಎಂದು ಸುಧಾ ತಿವಿದಳು.

‘ಯುಎನ್‌ಸಿ’ ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ನರಸಿಂಹಮೂರ್ತಿಗಳ ಕಣ್ಣಲ್ಲಿ ನೀರು ಬಂತು. ‘ನೀವು ಹೇಳಿದ್ಮೇಲೆ ಮುಗೀತು. ನಮ್ಮಪ್ಪನ ಆತ್ಮಕ್ಕೆ ತೃಪ್ತಿ ಆಯ್ತು’ ಅಂದರು. ನಿಶ್ಚಿತಾರ್ಥದ ದಿನ ಗೊತ್ತಾಯಿತು, ಪದ್ಮಮ್ಮ ನನಗೊಬ್ಬನಿಗೆ ಎರಡನೇ ಸಲ ಕೇಸರಿಬಾತ್ ಹಾಕಿದರು. ಇಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ನರಸಿಂಹಮೂರ್ತಿಗಳು ಹಿಂದಿನಿಂದ ‘ಮುಂದಿನ ವಾರ ಕಣ್ಣಿನ ಆಪರೇಷನ್ನು. ಆಮೇಲೆ ನಿಮ್ಮ ಭಾನುವಾರದ ಕೂಟಕ್ಕೆ ನಾಣ್ಯ ತರ್ತೀನಿ. ನಾನೂ ಕಣ್ತುಂಬ ನೋಡ್ತೀನಿ, ಪುಟ್ಟಸ್ವಾಮಯ್ಯನವರೂ ನೋಡ್ಲಿ’ ಅಂದರು.

ಆಮೇಲಿನ ದಿನಗಳಲ್ಲಿ ನಾನು ಅನುಭವಿಸಿದ್ದನ್ನು ಶತ್ರುವೂ ಅನುಭವಿಸಬಾರದು. ಬೀಗರ ಆಪರೇಷನ್ ಕೆಟ್ಟದಾಗಲಿ ಎಂದು ಬಯಸುವಷ್ಟು ನೀಚ ನಾನಲ್ಲ. ಸ್ವಲ್ಪ ಮುಂದಕ್ಕೆ ಹೋಗಲಿ, ಮಗಳ ಮದುವೆಯಾದ ಮೇಲೆ ಆಗಲಿ ಎಂದು ದೇವರಿಗೆ ಅರ್ಜಿ ಹಾಕಿಕೊಂಡದ್ದು ನಿಜ. ಆಪರೇಷನ್ ಹೇಳಿದ ದಿನವೇ, ಬಹಳ ಚೆನ್ನಾಗಿ ಆಯಿತು. ಎಲೆ ಹಾಕಿದರೆ ಎಲೆಯ ನರ ಕಾಣುತ್ತದಂತೆ ಎಂದು ಮೇಘನಾ ಖುಷಿಯಿಂದ ವರದಿ ಒಪ್ಪಿಸಿದಳು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡೆ.

ಆ ಭಾನುವಾರ ಬಂದೇ ಬಂತು. ಪುಟ್ಟಸ್ವಾಮಯ್ಯನವರ ವರಾಂಡದಲ್ಲಿ ನರಸಿಂಹಮೂರ್ತಿಗಳು ಕಪ್ಪು ಕನ್ನಡಕ ತೆಗೆದು, ಬಟ್ಟೆ ಬಿಚ್ಚಿ, ರೂಪಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಕಂಬ ಹಿಡಿದುಕೊಂಡೆ.

‘ಏನು ಹೊಳಪು!’ ಅಂದರು ಬೀಗರು. ‘ಮೊದ್ಲು ಕಪ್ಪಗೆ ಕಾಣ್ತಿತ್ತಲ್ಲ, ಅದು ನನ್ನ ಕಣ್ಣಿನ ಪೊರೆ ನೋಡಿ! ಆಪರೇಷನ್ ಆದ್ಮೇಲೆ ಗೋಡೆ, ಪಂಚೆ, ಎಲ್ಲಾ ಹೀಗೇ ಬೆಳ್ಳಗಾಗಿದೆ.’

ಬದುಕಿದೆ ಅಂದುಕೊಂಡೆ. ಆದರೆ ನಾಣ್ಯ ಆಗಲೇ ಪುಟ್ಟಸ್ವಾಮಯ್ಯನವರ ಕೈಗೆ ಹೋಗಿತ್ತು. ಅವರು ಗಾಜು ಹಿಡಿದರು. ಹುಬ್ಬು ಮೆಲ್ಲಗೆ ಗಂಟಿಕ್ಕತೊಡಗಿತು. ರಾಣಿಯ ಕಿವಿಯ ಹತ್ತಿರ ಗಾಜು ನಿಂತೇಬಿಟ್ಟಿತು. ‘ಮೇಷ್ಟ್ರು ಏನಂದ್ರು?’ ಎಂದು ತಲೆಯೆತ್ತದೆ ಕೇಳಿದರು.

‘ಯುಎನ್‌ಸಿ ಅಂದ್ರು’ ಎಂದರು ಬೀಗರು, ಹೆಮ್ಮೆಯಿಂದ.

ಪುಟ್ಟಸ್ವಾಮಯ್ಯನವರು ನನ್ನನ್ನು ನೋಡಿದರು, ಬೀಗರನ್ನು ನೋಡಿದರು. ಹುಬ್ಬು ಸಡಿಲವಾಯಿತು. ‘ಸರಿ. ಅವರು ನೋಡವ್ರೆ ಅಂದ್ಮೇಲೆ ನಂದೇನು? ಯುಎನ್‌ಸಿನೇ’ ಅಂದುಬಿಟ್ಟರು. ಅಲ್ಲಿಗೆ ಇಬ್ಬರೂ ಒಪ್ಪಿದಂತಾಯಿತು. ನಾಣ್ಯ ಕೈಯಿಂದ ಕೈಗೆ ಹೋಯಿತು. ತಿಂಗಳಾ ತಿಂಗಳು ಉಜ್ಜಿದ ನಾಣ್ಯಗಳನ್ನು ಬೈದು ಪಕ್ಕಕ್ಕಿಡುವ ಅದೇ ಜನ ‘ನೋಡ್ರೀ, ಟಂಕಸಾಲೆ ಹೊಳಪು ಅಂದ್ರೆ ಇದು’ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ನಿಜವಾದ ಭಯ ನನಗೆ ಆಗಲೇ ಶುರುವಾದದ್ದು. ನಾನು ಬಾಯಿಗೆ ಬಂದದ್ದು ಹೇಳಿದರೆ ಇವರೆಲ್ಲರ ಕಣ್ಣಿಗೂ ಅದೇ ಕಾಣುತ್ತದೆ!

ಹೊರಟಾಗ ಪುಟ್ಟಸ್ವಾಮಯ್ಯನವರು ಗೇಟಿನವರೆಗೆ ಬಂದರು. ಬೀಗರ ಕಾರು ತಿರುವು ದಾಟಿದ ಮೇಲೆ ಹತ್ತಿರ ಬಂದು ‘ಇಬೂತಿ ಕಂಡ್ಬುಡ್ತು ಕಣ್ರೀ ಮೇಷ್ಟ್ರೇ’ ಅಂದರು.

ನಾನು ಗೇಟಿನ ಚಿಲಕವನ್ನು ಎತ್ತಿ ಇಳಿಸತೊಡಗಿದೆ.

‘ಹೋಗ್ಲಿ ಬುಡಿ. ಮಗಳ ಮದ್ವೆ, ಇನ್ನೇನ್ ಮಾಡಕ್ಕಾಯ್ತದೆ? ಒಂದೊಂದ್ಸಲ ಮುಖ ನೋಡಿ ಹೇಳಬೇಕಾಯ್ತದೆ. ನಾನೂವೇ ಅವತ್ತು ನಿಮ್ಮನೇಲಿ, ನಿಮ್ಮನೆಯವ್ರು ಅಷ್ಟು ಪ್ರೀತಿಯಿಂದ ಒಬ್ಬಟ್ಟು ಇಕ್ಕುದ್ರಲ್ಲ, ಅದ್ಕೇ...’ ಎಂದವರು ತಟ್ಟನೆ ಮಾತು ನಿಲ್ಲಿಸಿದರು. ‘ಬಿಸಿಲು ಏರ್ತಾ ಅದೆ, ಹೊರಡಿ ಹೊರಡಿ’ ಎಂದು ಗೇಟು ಹಾಕಿಕೊಂಡು ಒಳಗೆ ಹೋದರು.

ಮನೆಗೆ ಹೇಗೆ ಬಂದೆನೋ ತಿಳಿಯದು. ನೇರವಾಗಿ ಬೀರುವಿನಿಂದ ಅರ್ಧ ರೂಪಾಯಿ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತೆ. ಫಳಫಳ ಹೊಳೆಯಿತು. ಹೋದ ವರ್ಷ ಹಬ್ಬದ ಹಿಂದಿನ ದಿನ ಸುಧಾ ಬೆಳ್ಳಿ ದೀಪ, ಕಳಶ, ಪಂಚಪಾತ್ರೆಯನ್ನೆಲ್ಲ ಹರಡಿಕೊಂಡು ತಿಕ್ಕುತ್ತಿದ್ದದ್ದು ನೆನಪಾಯಿತು. ಆಗ ಬೀರುವಿನ ಬಾಗಿಲು ತೆರೆದಿತ್ತೋ ಹಾಕಿತ್ತೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳನ್ನು ಕೇಳಬಹುದು. ಕೇಳಿದರೆ ಹೇಳಿಬಿಡುತ್ತಾಳೆ, ಅದೇ ತೊಂದರೆ. ಭೂತಗನ್ನಡಿಯನ್ನು ಜೇಬಿನಿಂದ ತೆಗೆದೆ. ನಾಣ್ಯದ ಹತ್ತಿರ ತಂದೆ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

‘ಏನ್ರೀ ಅದು, ಬಂದ ತಕ್ಷಣ ಅದನ್ನೇ ನೋಡ್ತಾ ಕೂತ್ಬುಟ್ರಾ?’ ಎಂದಳು ಸುಧಾ, ಅಡುಗೆಮನೆಯಿಂದ.

‘ಇಲ್ಲ ಕಣೇ, ನೋಡ್ತಾ ಇಲ್ಲ’ ಅಂದೆ.

ಅವತ್ತು ನಾನು ನಾಣ್ಯದ ವಿಷಯದಲ್ಲಿ ಹೇಳಿದ ನಿಜ ಅದೊಂದೇ.